ಟೀನ್ ಐಡಲ್ಸ್ ಏಳಿಂಚಿನ ರೆಕಾರ್ಡ್: ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಪೊಟೊಮ್ಯಾಕ್ ದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ.

ನಾನು ಆರು ವರ್ಷಗಳಿಂದ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ ವಾಸವಾಗಿದ್ದೇನೆ. ಅಮೆರಿಕದ ಹಾರ್ಡ್‌ಕೋರ್ ಪಂಕ್ (ವೇಗದ, ಅಬ್ಬರದ ರಾಕ್ ಸಂಗೀತ) ಕೇಳುವ ಹುಚ್ಚು ಮೈಸೂರಿನ ಕಾಲೇಜು ದಿನಗಳಲ್ಲಿ, ಗೆಳೆಯನೊಬ್ಬ ಪ್ರತಿ ಮಾಡಿಕೊಟ್ಟ ಸಿಡಿಯಿಂದ ಹತ್ತಿಕೊಂಡಿತ್ತಾದರೂ ರೆಕಾರ್ಡ್ ಕೊಳ್ಳಲು ಶುರುಮಾಡಿದ್ದು ಇಲ್ಲಿಗೆ ಬಂದ ಮೇಲೆ. ಕಳೆದ ಶನಿವಾರ ನಮ್ಮ ಬಡಾವಣೆಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರು ಗ್ಯಾರೇಜಿನಲ್ಲಿ ಸಾಮಾನು ಮಾರಾಟಕ್ಕೆ ಇಟ್ಟಿದ್ದರು. ಅಲ್ಲಿದ್ದ ಹಳೆಯ ಸಿಂಗಲ್‌ಗಳ (ಏಳಿಂಚಿನ ಸಣ್ಣ ರೆಕಾರ್ಡ್‌ಗಳ) ಪೆಟ್ಟಿಗೆಯಲ್ಲಿ ಟೀನ್ ಐಡಲ್ಸ್ ತಂಡದ 'ಮೈನರ್ ಡಿಸ್ಟರ್ಬನ್ಸ್', ಅಂದರೆ ಡಿಸ್ಕಾರ್ಡ್ ಕಂಪನಿಯ ಮೊತ್ತಮೊದಲ ರೆಕಾರ್ಡ್, ಕೈಗೆ ಸಿಕ್ಕಿತು. ಇದು ಮೊದಲ ಪ್ರೆಸ್ಸಿಂಗ್ (ಮೊದಲ ಸಲ ಒತ್ತಿಸಿದ ಪ್ರತಿ) ಎಂದೂ ತಮ್ಮ ಕಿರಿಯ ಸಹೋದರ ಅಂದೇ ಕೊಂಡಿಟ್ಟದ್ದೆಂದೂ ಅವರು ಹೇಳುತ್ತಾರೆ. ಕೇಳಿದ ಬೆಲೆ ಮಾತ್ರ ನನ್ನ ತಿಂಗಳ ಮನೆ ಬಾಡಿಗೆಯ ಅರ್ಧದಷ್ಟಿದೆ. ಒಂದು ವಾರ ಯಾರಿಗೂ ಕೊಡದೆ ಇಟ್ಟಿರುತ್ತೇನೆಂದು ಒಪ್ಪಿದ್ದಾರೆ.

ರೆಕಾರ್ಡ್ ಕಪ್ಪಗಿದೆ, ಒಂದೆರಡು ಸಣ್ಣ ಗೀರುಗಳಿವೆ. ಕವರಿನ ಎಡಮೂಲೆಯಲ್ಲಿ ಮಡಿಕೆಯ ಬಿಳಿ ಗೆರೆಯೊಂದಿದೆ. ಇದು ಅಸಲಿಯೇ ಎಂದು ಮನೆಯಲ್ಲಿ ದೊರೆಯುವ ಸಾಧನಗಳಿಂದಲೇ ಪರೀಕ್ಷಿಸುವ ದಾರಿ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

---

ಏಳಿಂಚು ಬರೆದದ್ದು:

ನಿಮಗೆ ಸಿಕ್ಕಿರುವುದು ಆ ರೆಕಾರ್ಡ್ ಹುಟ್ಟಿದ ಊರಿನಲ್ಲಿಯೇ ಎಂಬುದು ಒಳ್ಳೆಯ ಸೂಚನೆ. ಆದರೆ ಅದರಿಂದಲೇ ಏನೂ ಸಾಬೀತಾಗುವುದಿಲ್ಲ. "ತಮ್ಮ ಕೊಂಡಿಟ್ಟದ್ದು" ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ವಸ್ತುವನ್ನು ನೋಡಿ. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಎಂದು ನನ್ನ ಅಭಿಪ್ರಾಯವಲ್ಲ. ನಲವತ್ತು ವರ್ಷಗಳ ಹಿಂದಿನ ಖರೀದಿಯನ್ನೂ ಹದಿನೈದು ವರ್ಷಗಳ ಹಿಂದಿನ ಖರೀದಿಯನ್ನೂ ನೆನಪು ಬಹಳ ಸುಲಭವಾಗಿ ಒಂದೇ ಪೆಟ್ಟಿಗೆಗೆ ಹಾಕಿಬಿಡುತ್ತದೆ.

ಮೊದಲು ಆ ಕವರ್ ಹೇಗೆ ತಯಾರಾಯಿತೆಂದು ತಿಳಿದಿರಬೇಕು. 1980ರ ನವೆಂಬರಿನಲ್ಲಿ ತಂಡ ಒಡೆದಾಗ, ಒಂದು ವರ್ಷದ ಕಾರ್ಯಕ್ರಮಗಳಿಂದ ಕೂಡಿಟ್ಟಿದ್ದ ಸುಮಾರು 600 ಡಾಲರ್ ಅವರ ಬಳಿ ಇತ್ತು. ಅದನ್ನು ನಾಲ್ವರೂ ಹಂಚಿಕೊಳ್ಳಬಹುದಿತ್ತು. ಬದಲಿಗೆ, ಆರ್ಲಿಂಗ್ಟನ್ನಿನ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಡಾನ್ ಜಿಯೆಂಟಾರಾ ಅವರ ಬಳಿ ಮಾಡಿಸಿದ್ದ ಧ್ವನಿಮುದ್ರಣದ ಎಂಟು ಹಾಡುಗಳನ್ನು ಸಾವಿರ ಪ್ರತಿಗಳಲ್ಲಿ ತಾವೇ ಹೊರತಂದರು. ಇಯಾನ್ ಮೆಕಾಯ್, ಜೆಫ್ ನೆಲ್ಸನ್ ಮತ್ತು ನೇಥನ್ ಸ್ಟ್ರೆಜ್ಸೆಕ್ ಸೇರಿ ಡಿಸ್ಕಾರ್ಡ್ ಕಟ್ಟಿದ್ದು ಈ ಒಂದು ರೆಕಾರ್ಡ್‌ಗಾಗಿ. ಸಿದ್ಧ ಕವರ್ ಮಾಡಿಸಲು ಹಣ ಸಾಲದಿದ್ದುದರಿಂದ ಬೇರೆ ಸಿಂಗಲ್ ಒಂದರ ಕವರನ್ನು ಬಿಚ್ಚಿ, ಹರಡಿ, ಅದರ ಅಳತೆಯಲ್ಲಿ ಹಾಳೆಗೆ ಮುದ್ರಿಸಿ, ಕತ್ತರಿಯಿಂದ ಕತ್ತರಿಸಿ, ಮಡಚಿ, ಅಂಟು ಹಚ್ಚಿದರು. ಮದುವೆ ಮನೆಯಲ್ಲಿ ಎಲೆ ಅಡಿಕೆ ಕಟ್ಟಲು ಕೂತ ಹಾಗೆ ಗೆಳೆಯರೆಲ್ಲ ನೆಲದ ಮೇಲೆ ಕೂತು ಮಾಡಿದ ಕೆಲಸವದು. ಕೈಗೆಲಸವೆಂದ ಮೇಲೆ ಎಲ್ಲ ಕವರ್‌ಗಳೂ ಒಂದೇ ಪಡಿಯಚ್ಚಿನಂತೆ ಬರಲಾರವು. ಆದ್ದರಿಂದ ಒಳಗಿನ ಅಂಟಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ: ಅಂಚು ಎಲ್ಲೋ ಒಂದೆಡೆ ಸೊಟ್ಟಗಿದ್ದು, ಹಳೆಯ ಅಂಟು ಹಳದಿಗಟ್ಟಿದ್ದರೆ ಸಂತೋಷಪಡಿ. ಯಂತ್ರ ಕತ್ತರಿಸಿದಂತೆ ನಾಲ್ಕೂ ಕಡೆ ನೇರವಾಗಿದ್ದರೆ ಅನುಮಾನಿಸಿ.

ಇನ್ನು ನೀವು ಹೇಳಿದ ಬಿಳಿ ಗೆರೆ. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದು. ನಕಲು ಮಾಡುವವರಿಗೆ ಕವರ್ ಮುದ್ರಿಸಲು ಬಳಸಿದ ಮೂಲ ಫಿಲ್ಮ್ ಸಿಗುವುದಿಲ್ಲ. ಯಾರದೋ ಬಳಸಿದ ಕವರನ್ನೇ ಸ್ಕ್ಯಾನ್ ಮಾಡುತ್ತಾರೆ. ಆಗ ಆ ಹಳೆಯ ಕವರಿನ ಮಡಿಕೆಯೂ ಸವೆತವೂ ಚಿತ್ರದ ಭಾಗವಾಗಿ ಅಚ್ಚಾಗಿಬಿಡುತ್ತವೆ. ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದನ್ನು ತೆಗೆದುಕೊಂಡು ಆ ಗೆರೆಯನ್ನು ನೋಡಿ, ಆಮೇಲೆ ಅದರ ಮೇಲೆ ಉಗುರಾಡಿಸಿ. ನಿಜವಾದ ಮಡಿಕೆಯಲ್ಲಿ ಮಸಿ ಉದುರಿ ಕಾಗದದ ನಾರು ಎದ್ದಿರುತ್ತದೆ, ಉಗುರಿಗೆ ತಡೆಯುತ್ತದೆ. ಅಚ್ಚಾದ ಮಡಿಕೆ ನುಣ್ಣಗಿರುತ್ತದೆ, ಮತ್ತು ಬಿಳಿಯ ಒಳಗೂ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ. ಮುಖಪುಟದ ಚಿತ್ರದಲ್ಲಿ ಇಂಟು ಗುರುತು ಹಾಕಿದ ಎರಡು ಕೈಗಳಿವೆಯಲ್ಲ, ಆ ಕೈಗಳ ನೆರಳಿನ ಭಾಗದಲ್ಲಿ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ರಂಗೋಲಿಯಂಥ ಅಲೆಗಳು ಕಂಡರೆ ಅದೂ ಮುದ್ರಿತ ಚಿತ್ರದಿಂದ ಮತ್ತೆ ಮುದ್ರಿಸಿದ ಲಕ್ಷಣವೇ. (ಆ ಗುರುತಿನ ಕಥೆಯೂ ಸ್ವಾರಸ್ಯವಾದದ್ದು. 1980ರಲ್ಲಿ ಈ ಹುಡುಗರು ಸ್ಯಾನ್ ಫ್ರಾನ್ಸಿಸ್ಕೋದ ಮಬುಹೇ ಗಾರ್ಡನ್ಸ್ ಎಂಬ ಸಂಗೀತ ಕ್ಲಬ್ಬಿಗೆ ಹೋದಾಗ, ಕುಡಿಯುವ ವಯಸ್ಸಾಗದವರಿಗೆ ಮದ್ಯ ಕೊಡಬಾರದೆಂದು ಅವರ ಕೈ ಮೇಲೆ ಹಾಕಿದ ಗುರುತು ಅದು.)

ನೇರಳಾತೀತ ದೀಪ ಹಿಡಿದು ಕಾಗದ ಹೊಳೆದರೆ ನಕಲಿ ಎಂದು ಕೆಲವರು ಹೇಳುತ್ತಾರೆ. ಹೊಳಪು ಕೊಡುವ ರಾಸಾಯನಿಕ 1980ಕ್ಕೆ ಬಹಳ ಮುಂಚಿನಿಂದಲೂ ಕಾಗದದಲ್ಲಿ ಬಳಕೆಯಲ್ಲಿತ್ತು. ಆ ಪರೀಕ್ಷೆಯನ್ನು ನಂಬಬೇಡಿ.

---

ಕರಿತಟ್ಟೆ ಬರೆದದ್ದು:

ಏಳಿಂಚು ಅವರು ಕವರಿನ ವಿಷಯದಲ್ಲಿ ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚೇನಿಲ್ಲ. ರೆಕಾರ್ಡಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಕವರ್ ಒಂದು, ಒಳಗಿನ ತಟ್ಟೆ ಇನ್ನೊಂದು ಆಗಿರುವ ಪ್ರಸಂಗಗಳು ಕಡಿಮೆಯಿಲ್ಲ.

ಕೊನೆಯ ಹಾಡು ಮುಗಿದ ಮೇಲೆ ನಡುವಿನ ಕಾಗದದ ಲೇಬಲ್ ಮುಟ್ಟುವವರೆಗೆ ಒಂದು ನುಣುಪಾದ ಪಟ್ಟಿ ಇರುತ್ತದೆ. ಧ್ವನಿಯನ್ನು ಮೊದಲು ಕೊರೆಯುವುದು ಲ್ಯಾಕರ್ ಬಳಿದ ತಟ್ಟೆಯ ಮೇಲೆ. ಕೊರೆದಾತನೇ ಆ ಪಟ್ಟಿಯಲ್ಲಿ ಸೂಜಿಯಿಂದ ಸಂಖ್ಯೆಯನ್ನು ಗೀಚುತ್ತಾನೆ, ಕೆಲವೊಮ್ಮೆ ತಂಡದವರ ತುಂಟ ಮಾತೊಂದನ್ನೂ. ಆ ಲ್ಯಾಕರಿಗೆ ಲೋಹ ಲೇಪಿಸಿ ತೆಗೆದ ಅಚ್ಚುಗಳಿಂದಲೇ ಎಲ್ಲ ಪ್ರತಿಗಳೂ ಒತ್ತಿಸಿಕೊಳ್ಳುವುದರಿಂದ, ಒಂದೇ ಲ್ಯಾಕರಿನಿಂದ ಬಂದ ಪ್ರತಿಗಳಲ್ಲಿ ಆ ಕೈಬರಹ ಒಂದೇ ಆಗಿರಬೇಕು: ಅಕ್ಷರದ ಬಾಗು, ಅಂತರ, ಲೇಬಲ್‌ನಿಂದ ಇರುವ ದೂರ, ಎಲ್ಲವೂ. ಡಿಸ್ಕಾಗ್ಸ್ ತಾಣದಲ್ಲಿ ಸಂಗ್ರಾಹಕರು ಹಾಕಿರುವ ಚಿತ್ರಗಳನ್ನು ತೆರೆದಿಟ್ಟುಕೊಂಡು, ನಿಮ್ಮ ತಟ್ಟೆಯನ್ನು ಮೇಜುದೀಪದ ಕೆಳಗೆ ಓರೆಯಾಗಿ ಹಿಡಿದು ಹೋಲಿಸಿ. ಸಂಖ್ಯೆ ಒಂದೇ ಇದ್ದರೆ ಸಾಲದು. ನಕಲಿಯವನಿಗೂ ಸಂಖ್ಯೆ ಓದಲು ಬರುತ್ತದೆ. ಇನ್ನೊಬ್ಬನ ಕೈಬರಹ ಬರೆಯಲು ಬರುವುದಿಲ್ಲ.

ಆಮೇಲೆ ಕೇಳಿ ನೋಡಿ. ನಕಲಿ ರೆಕಾರ್ಡ್‌ಗಳಿಗೆ ಹಾಡನ್ನು ಎತ್ತಿಕೊಳ್ಳುವುದು ಬಹುತೇಕ ಇನ್ನೊಂದು ರೆಕಾರ್ಡಿನಿಂದಲೇ. ಆ ಮೂಲ ರೆಕಾರ್ಡಿನ ಚಟಪಟ ಸದ್ದೂ ಜೊತೆಗೆ ಬರುತ್ತದೆ. ಎರಡು ಹಾಡುಗಳ ನಡುವಿನ ಮೌನದಲ್ಲಿ 'ಟಪ್' ಎಂದು ಸದ್ದು ಕೇಳಿದಲ್ಲಿ ಮುಳ್ಳನ್ನೆತ್ತಿ ತಟ್ಟೆಯ ಆ ಜಾಗವನ್ನು ನೋಡಿ. ಅಲ್ಲಿ ಗೀರೂ ಇಲ್ಲ, ಕಸವೂ ಇಲ್ಲ, ಒರೆಸಿದ ಮೇಲೂ ಅದೇ ಕ್ಷಣಕ್ಕೆ ಅದೇ ಸದ್ದು ಬರುತ್ತದೆ ಎಂದಾದರೆ ನೀವು ಕೇಳುತ್ತಿರುವುದು ಬೇರೆಯವರ ತಟ್ಟೆಯ ಗೀರು ಎಂಬ ಸಂಶಯ ಬಲವಾಗುತ್ತದೆ.

ಬೆಲೆಯ ಬಗ್ಗೆ ನನ್ನದು ಸ್ವಲ್ಪ ಗಡುಸಾದ ಅಭಿಪ್ರಾಯ. ಹಾಡುಗಳೇ ಬೇಕೆಂದರೆ ಡಿಸ್ಕಾರ್ಡ್‌ನವರೇ 1984ರಲ್ಲಿ ಟೀನ್ ಐಡಲ್ಸ್, ಎಸ್‌ಒಎ, ಗವರ್ನಮೆಂಟ್ ಇಶ್ಯೂ ಮತ್ತು ಯೂತ್ ಬ್ರಿಗೇಡ್ ತಂಡಗಳ ನಾಲ್ಕು ಸಿಂಗಲ್‌ಗಳನ್ನು ಒಂದೇ ಹನ್ನೆರಡಿಂಚಿನ ತಟ್ಟೆಗೆ ಸೇರಿಸಿ ಹೊರತಂದಿದ್ದಾರೆ. ಅದನ್ನು ಕೊಂಡು ನೆಮ್ಮದಿಯಾಗಿ ಕೇಳಬಹುದು. ಈ ಸಂಗೀತವನ್ನು ಮಾಡಿದವರು ಅಗ್ಗವಾಗಿ ಮಾರಲೆಂದೇ ಹಟ ತೊಟ್ಟಿದ್ದರು. ನಾವು ಅದನ್ನು ಬಾಡಿಗೆಯ ಅರ್ಧಕ್ಕೆ ಕೊಳ್ಳುತ್ತಿದ್ದೇವೆ.

---

ಏಳಿಂಚು ಬರೆದದ್ದು:

ಕರಿತಟ್ಟೆಯವರ ಕೊನೆಯ ಮಾತನ್ನು ಒಪ್ಪಲಾರೆ. ಅಪರೂಪದಲ್ಲಿಯೂ ಎರಡು ಬಗೆ ಇದೆ, ಅವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಟಚ್ ಅಂಡ್ ಗೋ ಕಂಪನಿಯ ಮೊದಲೆರಡು ರೆಕಾರ್ಡ್‌ಗಳನ್ನೇ ನೋಡಿ. ಮಿಶಿಗನ್‌ನ ಲ್ಯಾನ್ಸಿಂಗ್‌ನಲ್ಲಿ ಅದೇ ಹೆಸರಿನ ಪತ್ರಿಕೆ ನಡೆಸುತ್ತಿದ್ದ ಇಬ್ಬರು 1981ರಲ್ಲಿ ಹೊರತಂದ ನೆಕ್ರೋಸ್ ತಂಡದ ಸಿಂಗಲ್ 100 ಪ್ರತಿ. ಅದರ ಬೆನ್ನಿಗೆ ಬಂದ ದಿ ಫಿಕ್ಸ್ ತಂಡದ್ದು 200 ಪ್ರತಿ. ಅಷ್ಟಕ್ಕಿಂತ ಹೆಚ್ಚು ಜನ ಕೊಳ್ಳಬಹುದೆಂದು ಆಗ ಯಾರಿಗೂ ಅನಿಸಿರಲಿಲ್ಲ. ಮಿಸ್‌ಫಿಟ್ಸ್ ತಂಡದ 1977ರ ಮೊದಲ ಸಿಂಗಲ್ 500. ಇವು ಬಡತನದಿಂದ ಅಪರೂಪವಾದವು. 1989ರ ಜಡ್ಜ್ ತಂಡದ ಎಲ್‌ಪಿಯದಂತೂ ಬೇರೆಯೇ ಕಥೆ: ಮೊದಲ ಧ್ವನಿಮುದ್ರಣ ತಂಡಕ್ಕೆ ಹಿಡಿಸದೆ ಎಲ್ಲವನ್ನೂ ಮತ್ತೆ ಮಾಡಬೇಕಾಗಿ ಬಂದಾಗ, ಮುಂಗಡ ಹಣ ಕಳಿಸಿ ಕಾದಿದ್ದವರಿಗಾಗಿ ರೆವಲೇಶನ್ ಕಂಪನಿಯವರು ಕೈಬಿಟ್ಟ ಆ ಧ್ವನಿಮುದ್ರಣವನ್ನೇ 110 ಪ್ರತಿಗಳಷ್ಟು ಒತ್ತಿಸಿ ಕೊಟ್ಟರು. ಇಂದು ಸಾವಿರಾರು ಡಾಲರ್ ಬೆಲೆ ಬಾಳುವ ಆ ತಟ್ಟೆ ಹುಟ್ಟಿದ್ದು ಒಂದು ಕ್ಷಮೆ ಕೇಳುವ ಉಪಾಯವಾಗಿ.

ಈಗಿನವರು ಒಂದೇ ರೆಕಾರ್ಡನ್ನು ಆರು ಬಣ್ಣಗಳಲ್ಲಿ ಒತ್ತಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆದು ಬೇಕೆಂದೇ ಅಪರೂಪ ಮಾಡುತ್ತಾರಲ್ಲ, ಅದರ ಮೇಲೆ ನಿಮ್ಮ ಸಿಟ್ಟನ್ನು ತೋರಿಸಿ, ನಾನೂ ದನಿಗೂಡಿಸುತ್ತೇನೆ. ಆದರೆ ಹದಿನೆಂಟರ ಹುಡುಗರು ಕತ್ತರಿ ಹಿಡಿದು ಮಾಡಿದ ಕವರ್ ಕೈಯಲ್ಲಿರಲಿ ಎಂದು ಒಬ್ಬರು ಆಸೆಪಟ್ಟರೆ ಅದು ಬರಿಯ ಹಣದ ಮದವಲ್ಲ.

---

ಕಡಲೂರಿನವ ಬರೆದದ್ದು:

ನಾನು ಮಂಗಳೂರಿನ ಕಡೆಯವನು, ಈ ಬಗೆಯ ಸಿಂಗಲ್‌ಗಳನ್ನು ಅಮೆರಿಕದಿಂದ ತರಿಸಿಕೊಳ್ಳುತ್ತೇನೆ. ಅಸಲಿ ನಕಲಿಯ ಚರ್ಚೆಗೆ ನಾನು ಇಳಿಯುವುದಿಲ್ಲ. ಕೊಂಡ ಮೇಲೆ ಹಾಳುಮಾಡಿಕೊಂಡವನಾಗಿ ಎರಡು ಮಾತು ಹೇಳುತ್ತೇನೆ.

ಮೊದಲ ಮಳೆಗಾಲದಲ್ಲಿ ನಾನು ಇಪ್ಪತ್ತು ಸಿಂಗಲ್‌ಗಳನ್ನು ಸ್ಟೇಷನರಿ ಅಂಗಡಿಯಲ್ಲಿ ದೊರೆಯುವ ಮೆತ್ತನೆಯ, ಹೊಳೆಯುವ ಪಿವಿಸಿ ಲಕೋಟೆಗಳಲ್ಲಿ ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟೆ. ಅಕ್ಟೋಬರಿನಲ್ಲಿ ತೆಗೆದಾಗ, ಒಳಕಾಗದವಿಲ್ಲದೆ ಇಟ್ಟಿದ್ದ ನಾಲ್ಕು ತಟ್ಟೆಗಳ ಮೇಲೆ ಹಾಲು ಚೆಲ್ಲಿ ಒರೆಸಿದಂತೆ ಮಬ್ಬು ಹಿಡಿದಿತ್ತು. ಧೂಳೆಂದುಕೊಂಡು ತೊಳೆದೆ, ಹೋಗಲಿಲ್ಲ; ಆ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ರಾಸಾಯನಿಕ ಸೆಕೆಗೆ ಹೊರಬಂದು ತಟ್ಟೆಯ ಮೇಲ್ಮೈಗೇ ಹತ್ತಿಬಿಟ್ಟಿತ್ತು. ಈಗಲೂ ಅವನ್ನು ಹಾಕಿದರೆ ಹಾಡಿನ ಹಿಂದೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು. ಆದ್ದರಿಂದ ಹೊರಲಕೋಟೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್‌ನದಾಗಿರಲಿ. ತಟ್ಟೆಗಳನ್ನು ನಿಲ್ಲಿಸಿಯೇ ಇಡಿ. ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ, ಕವರಿನ ಮೇಲೆ ತಟ್ಟೆಯ ದುಂಡನೆಯ ಅಚ್ಚೂ ಮೂಡುತ್ತದೆ.

ಅಂಚೆಯಲ್ಲಿ ತರಿಸುವವರು ತಟ್ಟೆಯನ್ನು ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಇಟ್ಟು ಕಳಿಸುವಂತೆ ಮಾರುವವರಿಗೆ ಮೊದಲೇ ಬರೆಯಿರಿ. ಕವರಿನೊಳಗೇ ಇಟ್ಟು ಕಳಿಸಿದರೆ ದಾರಿಯ ಕುಲುಕಾಟಕ್ಕೆ ತಟ್ಟೆಯ ಅಂಚು ಹೊಲಿಗೆ ಬಿಚ್ಚಿದಂತೆ ಕವರನ್ನು ಸೀಳುತ್ತದೆ. ಕೈಯಿಂದ ಅಂಟಿಸಿದ ಕವರ್‌ಗಳಿಗಂತೂ ಈ ಎಚ್ಚರ ಬೇಕೇ ಬೇಕು.

---

ಪೊಟೊಮ್ಯಾಕ್ ದಂಡೆ ಬರೆದದ್ದು:

ಉತ್ತರಿಸಿದ ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಭೂತಗನ್ನಡಿಯನ್ನೂ ಸಣ್ಣ ಟಾರ್ಚನ್ನೂ ಜೇಬಿಗೆ ಹಾಕಿಕೊಂಡು ಮತ್ತೆ ಅವರ ಮನೆಗೆ ಹೋಗಿದ್ದೆ. ಅವರು ಬೇಸರಿಸದೆ ಅಡುಗೆಮನೆಯ ಮೇಜನ್ನು ಖಾಲಿ ಮಾಡಿಕೊಟ್ಟರು.

ಎಡಮೂಲೆಯ ಬಿಳಿ ಗೆರೆಯ ಮೇಲೆ ಉಗುರು ಸಲೀಸಾಗಿ ಜಾರಿತು. ಗಾಜಿನಡಿಯಲ್ಲಿ ನೋಡಿದರೆ ಏಳಿಂಚು ಅವರು ಹೇಳಿದ ಹಾಗೆಯೇ ಆ ಬಿಳಿಯೊಳಗೆ ಬೂದು ಚುಕ್ಕಿಗಳ ಸಾಲು. ಅಂಚುಗಳು ನಾಲ್ಕೂ ಕಡೆ ದಾರ ಹಿಡಿದಂತೆ ನೇರವಾಗಿದ್ದವು. ಕವರ್ ನಕಲಿ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಆದರೆ ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ಫೋನಿನಲ್ಲಿದ್ದ ಚಿತ್ರಗಳೊಡನೆ ಹೋಲಿಸಿದಾಗ, ಎರಡೂ ಬದಿಗಳ ಗೀಚುಬರಹ ಬಾಗಿಗೆ ಬಾಗು ಹೊಂದಿತು. ಅವರದೇ ಹಳೆಯ ಟರ್ನ್‌ಟೇಬಲ್ ಮೇಲೆ ಎರಡು ಬಾರಿ ಕೇಳಿದೆವು. ಟಪ್ ಎಂದ ಮೂರು ಕಡೆಗಳಲ್ಲಿಯೂ ಕಣ್ಣಿಗೆ ಕಾಣುವ ಗೀರಿತ್ತು. ಅಂದರೆ ತಟ್ಟೆ ಅಸಲಿಯೇ ಇರಬೇಕು, ಕವರ್ ಆಮೇಲೆ ಬಂದದ್ದು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನ ಕೋಣೆಗೆ ಒಮ್ಮೆ ನೀರು ನುಗ್ಗಿ ಕಾಗದಪತ್ರವೆಲ್ಲ ಹಾಳಾಗಿದ್ದನ್ನು ನೆನೆಸಿಕೊಂಡರು.

ಕೇಳಿದ ಬೆಲೆಯ ಮೂರನೆಯ ಒಂದು ಭಾಗ ಕೊಡುತ್ತೇನೆಂದೆ. ತಮ್ಮನನ್ನು ಕೇಳಿ ಭಾನುವಾರ ತಿಳಿಸುತ್ತೇನೆಂದರು. ಕಡಲೂರಿನವರು ಹೇಳಿದ ಪಾಲಿಪ್ರೊಪಿಲೀನ್ ಲಕೋಟೆಗಳನ್ನು ಇವತ್ತೇ ತರಿಸಲು ಹಾಕಿದ್ದೇನೆ.