ವಿಂಡೋಸ್ ಹೊಸದಾಗಿ ಹಾಕುವ ಮುನ್ನ ಏನೇನು ಕಾಪಾಡಿಕೊಳ್ಳಬೇಕು? ಅನುಭವವಿರುವವರು ತಿಳಿಸಿ

ಪ್ರಶ್ನೆ

ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. 2019ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್‌ನಲ್ಲಿ ಎಂಟನೇ ಪೀಳಿಗೆಯ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು 1 ಟಿಬಿ ಹಾರ್ಡ್ ಡಿಸ್ಕ್ ಇವೆ. ಈಗ ಅದನ್ನು ಆನ್ ಮಾಡಿ ವರ್ಡ್ ತೆರೆಯುವಷ್ಟರಲ್ಲಿ ಐದಾರು ನಿಮಿಷ ಕಳೆದುಹೋಗುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಎಲ್ಲವನ್ನೂ ಅಳಿಸಿ ವಿಂಡೋಸ್ 11 ಹಾಕಿಕೊಳ್ಳಬೇಕೆಂದಿದ್ದೇನೆ. ಹನ್ನೆರಡು ವರ್ಷಗಳ ಪ್ರಶ್ನೆಪತ್ರಿಕೆಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಯಜಮಾನರ ಅಂಗಡಿಯ ಲೆಕ್ಕಪತ್ರ ಟ್ಯಾಲಿಯಲ್ಲಿದೆ. ಬೇಕಾದುದನ್ನೆಲ್ಲ ಡಿ ಡ್ರೈವ್‌ಗೆ ಹಾಕಿದರೆ ಸಾಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಅಷ್ಟು ಸಾಕೇ?

ಶಿವಮೊಗ್ಗದಿಂದ, ಬ್ಯಾಂಕ್ ಉದ್ಯೋಗಿ

ಸಾಲದು ಮೇಡಂ. ಡಿ ಡ್ರೈವ್ ಎಂಬುದು ಬೇರೆ ಡಿಸ್ಕ್ ಅಲ್ಲ. ಅದೇ ಡಿಸ್ಕಿನ ಇನ್ನೊಂದು ಭಾಗ ಮಾತ್ರ. ಹೊಸದಾಗಿ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಎಂಬ ಹೆಸರುಗಳೇ ಇರುವುದಿಲ್ಲ. ಡ್ರೈವ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಎಂಬಂತೆ ಸಾಲುಗಳು ಮಾತ್ರ ಕಾಣುತ್ತವೆ, ಅವುಗಳ ನಡುವೆ ನಾವು ಎಂದೂ ನೋಡದ 100 ಎಂಬಿಯ, 16 ಎಂಬಿಯ ಸಣ್ಣ ಭಾಗಗಳೂ ಇರುತ್ತವೆ. 2021ರಲ್ಲಿ ನಾನು ಆ ಪರದೆಯ ಮುಂದೆ ಕುಳಿತು, ಗಾತ್ರ ನೋಡಿ ಊಹಿಸಿ, ತಪ್ಪು ಸಾಲನ್ನು ಅಳಿಸಿದೆ. ಮಗಳ ಮೊದಲ ಎರಡು ವರ್ಷಗಳ ಫೋಟೊಗಳು ಅದರಲ್ಲಿದ್ದವು. ಈ ಕಾರಣಕ್ಕೇ ನಿಮ್ಮ ಪ್ರಶ್ನೆ ಕಂಡ ಕೂಡಲೇ ಬರೆಯಲು ಕುಳಿತೆ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಹೀಗಿದೆ. ಮುಖ್ಯ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಅದನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಪ್ರತಿ ಫೋಲ್ಡರಿನಿಂದ ನಾಲ್ಕೈದು ಕಡತಗಳನ್ನು ನಿಜವಾಗಿಯೂ ತೆರೆದು ನೋಡುತ್ತೇನೆ. ಒನ್‌ಡ್ರೈವ್ ಬಳಸುವವರು ಇಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು: ಕಡತದ ಪಕ್ಕದಲ್ಲಿ ಮೋಡದ ಚಿಹ್ನೆ ಇದ್ದರೆ ಅದು ನಮ್ಮ ಡಿಸ್ಕಿನಲ್ಲಿಲ್ಲ, ಹೆಸರು ಮಾತ್ರ ಇಲ್ಲಿದೆ ಎಂದರ್ಥ. ಬ್ರೌಸರ್ ಉಳಿಸಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳು ಕಡತದಂತೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅವು ನಿಮ್ಮ ಖಾತೆಯೊಂದಿಗೆ ಸಿಂಕ್ ಆಗಿವೆಯೇ ಎಂಬುದನ್ನು ಫೋನಿನಲ್ಲಿ ತೆರೆದು ಖಚಿತಪಡಿಸಿಕೊಳ್ಳಿ. ಲ್ಯಾಪ್‌ಟಾಪ್ ಜೊತೆಗೆ ಎಂಎಸ್ ಆಫೀಸ್ ಬಂದಿದ್ದರೆ ಅದು ಯಾವ ಇಮೇಲ್ ಖಾತೆಗೆ ಸೇರಿದೆ ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕೊಂಡ ದಿನ ಬೇರೆ ಯಾರೋ ತಮ್ಮ ಇಮೇಲ್ ಹಾಕಿ ಅದನ್ನು ಚಾಲೂ ಮಾಡಿಕೊಟ್ಟಿರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ.

ವಿಂಡೋಸ್‌ನ ಪರವಾನಗಿಯ ಬಗ್ಗೆ ಚಿಂತೆ ಬೇಡ. ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಕೀ ಕೇಳಿದಾಗ ‘ನನ್ನಲ್ಲಿ ಕೀ ಇಲ್ಲ’ ಎಂಬುದನ್ನು ಆರಿಸಿ ಮುಂದುವರಿದರೆ, ಇಂಟರ್‌ನೆಟ್ ಸಿಕ್ಕೊಡನೆ ತಾನಾಗಿಯೇ ಸಕ್ರಿಯವಾಗುತ್ತದೆ. ಆದರೆ ಮೊದಲಿದ್ದ ಆವೃತ್ತಿಯನ್ನೇ ಹಾಕಬೇಕು. ಹೋಮ್ ಸಿಂಗಲ್ ಲ್ಯಾಂಗ್ವೇಜ್ ಇದ್ದಲ್ಲಿ ಪ್ರೊ ಹಾಕಿಸಿಕೊಂಡು, ಅದನ್ನು ಸಕ್ರಿಯಗೊಳಿಸಲು ಕ್ರ್ಯಾಕ್ ತಂತ್ರಾಂಶ ಸೇರಿಸಿಕೊಂಡು ಬರುವವರನ್ನು ನೋಡಿದ್ದೇನೆ. ಹಣ ಕೊಟ್ಟು ಕೊಂಡ ಅಸಲಿ ಪರವಾನಗಿ ಇರುವಾಗ ದಯವಿಟ್ಟು ಹಾಗೆ ಮಾಡಬೇಡಿ.

ಹುಬ್ಬಳ್ಳಿಯಿಂದ, ಕಂಪ್ಯೂಟರ್ ರಿಪೇರಿ ಮಾಡುವವನು

ಮೇಲಿನ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ ಮೇಡಂ: ನಿಧಾನವಾಗಿರುವುದು ವಿಂಡೋಸೋ, ಡಿಸ್ಕೋ? ನೀವು ಹೇಳಿದ ಲಕ್ಷಣ ನೋಡಿದರೆ ತಿರುಗುವ ಹಾರ್ಡ್ ಡಿಸ್ಕಿನ ಮೇಲೇ ನನಗೆ ಅನುಮಾನ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಏನೂ ಕೆಲಸ ಮಾಡದಿದ್ದಾಗಲೂ ಡಿಸ್ಕ್ ಎಂಬಲ್ಲಿ ಬಹಳ ಹೊತ್ತು 100% ಎಂದೇ ತೋರಿಸುತ್ತಿದ್ದರೆ, ಎಷ್ಟು ಸಲ ಹೊಸದಾಗಿ ವಿಂಡೋಸ್ ಹಾಕಿದರೂ ಕೆಲವೇ ವಾರಗಳಲ್ಲಿ ಅದೇ ಸ್ಥಿತಿಗೆ ಮರಳುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯವನ್ನೂ ನೋಡಿ. ಅದು ‘ಎಚ್ಚರಿಕೆ’ ಅಥವಾ ‘ಕೆಟ್ಟಿದೆ’ ಎಂದು ತೋರಿಸಿದರೆ ಫಾರ್ಮ್ಯಾಟ್ ಮಾತು ಬಿಟ್ಟು ಆ ದಿನವೇ ಕಡತಗಳನ್ನು ಹೊರತೆಗೆಯಿರಿ.

ಆದ್ದರಿಂದ ನನ್ನ ಸಲಹೆ: ಹಳೆಯ ಡಿಸ್ಕನ್ನು ಅಳಿಸಲೇ ಬೇಡಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೊಂದನ್ನು (ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ ಡಿಸ್ಕ್) ಕೊಂಡು, ಹಳೆಯ ಡಿಸ್ಕ್ ಬಿಚ್ಚಿ, ಅದೇ ಜಾಗದಲ್ಲಿ ಇದನ್ನು ಕೂರಿಸಿ ವಿಂಡೋಸ್ 11 ಹಾಕಿ. ಹಾಕುವ ಹೊತ್ತಿನಲ್ಲಿ ಹಳೆಯ ಡಿಸ್ಕ್ ಮೇಜಿನ ಮೇಲಿರುತ್ತದೆಯಾದ್ದರಿಂದ ತಪ್ಪು ಪಾರ್ಟಿಷನ್ ಅಳಿಸುವ ಅಪಾಯವೇ ಇಲ್ಲ. ಪಟ್ಟಿಯಲ್ಲಿ ಹೊಸ ಡಿಸ್ಕಿಗೆ ‘ಅನ್‌ಅಲೊಕೇಟೆಡ್ ಸ್ಪೇಸ್’ (ಇನ್ನೂ ಭಾಗ ಮಾಡದ ಖಾಲಿ ಜಾಗ) ಎಂಬ ಒಂದೇ ಸಾಲು ಬರುತ್ತದೆ. ಆಮೇಲೆ ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಜೋಡಿಸಿದರೆ ಮರೆತದ್ದನ್ನೆಲ್ಲ ಅದರಿಂದ ತೆಗೆದುಕೊಳ್ಳಬಹುದು. ನಿಮ್ಮ ಹಳೆಯ ಹೆಸರಿನ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲವೆಂದು ತೋರಿಸಿದರೆ ಗಾಬರಿಯಾಗಬೇಡಿ, ‘ಕಂಟಿನ್ಯೂ’ ಒತ್ತಿ ಕಾಯಿರಿ.

ಎಂಟನೇ ಪೀಳಿಗೆಯ ಐ5 ವಿಂಡೋಸ್ 11ಕ್ಕೆ ಅರ್ಹವಾಗಿದೆ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಯಂತ್ರದ ಸೆಟ್ಟಿಂಗ್ ಪರದೆ) ಟಿಪಿಎಂ ಎಂಬ ಭದ್ರತಾ ಘಟಕ ಆಫ್ ಆಗಿದ್ದರೆ ಮಾತ್ರ ಆನ್ ಮಾಡಬೇಕು. ಇಂಟೆಲ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಪಿಟಿಟಿ ಎಂಬ ಹೆಸರಿನಲ್ಲಿರುತ್ತದೆ. ವಿಂಡೋಸ್ ಹಾಕಲು ಬಳಸುವ ಪೆನ್‌ಡ್ರೈವ್ ಕನಿಷ್ಠ 8 ಜಿಬಿಯದು ಬೇಕು, ಮತ್ತು ಅದರಲ್ಲಿರುವುದೆಲ್ಲ ಅಳಿಯುತ್ತದೆ. ಹೋಮ್ ಆವೃತ್ತಿಯ ಸೆಟಪ್ ನಡುವೆ ಇಂಟರ್‌ನೆಟ್ ಕೇಳುತ್ತದೆ. ವೈಫೈ ಡ್ರೈವರ್ (ವೈಫೈ ಭಾಗವನ್ನು ನಡೆಸುವ ತಂತ್ರಾಂಶ) ಇಲ್ಲದೆ ಅಲ್ಲೇ ನಿಂತರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ಇಂಟರ್‌ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವ ಸೌಲಭ್ಯ) ಆನ್ ಮಾಡಿ.

ಬೆಂಗಳೂರಿನಿಂದ, ತಂತ್ರಾಂಶ ಪರೀಕ್ಷಕಿ

ಹಳೆಯ ಡಿಸ್ಕನ್ನು ಉಳಿಸಿಕೊಳ್ಳುವುದು ಒಳ್ಳೆಯ ದಾರಿ, ಆದರೆ ಅದು ಎನ್‌ಕ್ರಿಪ್ಟ್ ಆಗಿದೆಯೇ, ಅಂದರೆ ಕೀ ಇಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿದೆಯೇ ಎಂದು ಬಿಚ್ಚುವ ಮೊದಲೇ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಬೇರೆಡೆ ಜೋಡಿಸಿದಾಗ 48 ಅಂಕಿಗಳ ರಿಕವರಿ ಕೀ ಕೊಡದೆ ಡಿಸ್ಕ್ ತೆರೆಯುವುದಿಲ್ಲ. ಆ ಕೀ ಇಲ್ಲದೆ ನನ್ನ ತಮ್ಮನ ಸ್ನಾತಕೋತ್ತರ ಪ್ರಬಂಧದ ಕರಡು ಇಂದಿಗೂ ಒಂದು ಡಿಸ್ಕಿನೊಳಗೆ ಉಳಿದಿದೆ. ಡಿಸ್ಕ್ ಕೆಟ್ಟಿಲ್ಲ, ಕಡತ ಅಳಿದಿಲ್ಲ, ಓದಲು ಮಾತ್ರ ಯಾರಿಂದಲೂ ಸಾಧ್ಯವಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಬಹುತೇಕ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಅಂದೇ ಅದನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ ಇಡುವ ಜಾಗದಲ್ಲಿಡಿ.

ಮೈಸೂರಿನಿಂದ, ಡಿಟಿಪಿ ಕೆಲಸದಲ್ಲಿರುವವನು

ನುಡಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಹಳೆಯ ಪ್ರಶ್ನೆಪತ್ರಿಕೆಗಳು ಯುನಿಕೋಡ್‌ನಲ್ಲಿಲ್ಲದೆ (ಎಲ್ಲ ಯಂತ್ರಗಳಲ್ಲೂ ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಸಂಕೇತ ಪದ್ಧತಿ) ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿದ್ದರೆ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ಕೊಡುವಂಥವು), ಆ ಫಾಂಟ್ ಇಲ್ಲದ ಹೊಸ ವಿಂಡೋಸ್‌ನಲ್ಲಿ ಕನ್ನಡವಿದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಹಾಳಾಯಿತೆಂದು ಅಳಿಸಿದವರನ್ನು ನಾನು ಬಲ್ಲೆ. ಹಾಳಾಗಿರುವುದಿಲ್ಲ, ಫಾಂಟ್ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಹಾಗಾಗಿ ಕಡತಗಳ ಜೊತೆಗೆ ಫಾಂಟ್‌ಗಳನ್ನೂ ನಕಲಿಸಿಕೊಳ್ಳಿ. ಅವು ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಲ್ಲಿ ಸಿಗದಿದ್ದರೆ ನಿಮ್ಮ ಹೆಸರಿನ ಬಳಕೆದಾರ ಫೋಲ್ಡರಿನಲ್ಲಿ, ಸಾಮಾನ್ಯವಾಗಿ ಅಡಗಿರುವ ಆಪ್‌ಡೇಟಾದೊಳಗೆ ಹುಡುಕಿ.

ಇನ್ನೊಂದು ಸೂಕ್ಷ್ಮ ಸಂಗತಿ ಇದೆ. ತುಂಗಾ ಫಾಂಟ್ ವಿಂಡೋಸ್‌ನ ಜೊತೆಗೇ ಬರುತ್ತದೆಂದು ನಾವೆಲ್ಲ ಎಕ್ಸ್‌ಪಿ ಕಾಲದಿಂದ ರೂಢಿ ಮಾಡಿಕೊಂಡಿದ್ದೇವೆ. ಈಗ ಜೊತೆಗೆ ಬರುವ ಕನ್ನಡ ಫಾಂಟ್ ನಿರ್ಮಲಾ ಯುಐ. ತುಂಗಾ ಬೇಕಿದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಸೇರಿಸಬೇಕು. ಇಲ್ಲವಾದರೆ ಅಕ್ಷರಗಳ ಅಗಲ ಬದಲಾಗಿ, ಎರಡು ಪುಟದ ಪ್ರಶ್ನೆಪತ್ರಿಕೆ ಮೂರನೆಯ ಪುಟಕ್ಕೆ ಹರಿಯಬಹುದು. ಬಿಡುವಿದ್ದಾಗ ಆಸ್ಕಿ ಕಡತಗಳನ್ನು ನುಡಿ ಅಥವಾ ‘ಬರಹ’ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತುಗಳಿರುವ ಕಡೆ ಕಣ್ಣಾಡಿಸಿ ತಿದ್ದಬೇಕಾಗಬಹುದು, ಆದರೆ ಹನ್ನೆರಡು ವರ್ಷಗಳ ದುಡಿಮೆಗೆ ಅಷ್ಟು ಶ್ರಮ ಸಲ್ಲಬೇಕಾದದ್ದೇ.

ದಾವಣಗೆರೆಯಿಂದ, ಲೆಕ್ಕಪತ್ರ ನೋಡಿಕೊಳ್ಳುವವಳು

ಟ್ಯಾಲಿಯ ಬಗ್ಗೆ ಎರಡೇ ಮಾತು. ಕಂಪನಿಯ ಲೆಕ್ಕ ಇರುವುದು ಬರೀ ಅಂಕಿಗಳ ಹೆಸರಿನ ಫೋಲ್ಡರಿನಲ್ಲಿ; ಕಸವೆಂದು ತಿಳಿದು ಬಿಟ್ಟುಬಿಡುವಂತಿರುತ್ತದೆ. ಅದು ಎಲ್ಲಿದೆ ಎಂಬುದನ್ನು ಕಂಪನಿ ಆರಿಸುವ ಪರದೆಯಲ್ಲಿ ನೋಡಿ, ಟ್ಯಾಲಿಯ ಒಳಗಿನಿಂದಲೂ ಬ್ಯಾಕಪ್ ತೆಗೆಯಿರಿ. ಎರಡನೆಯದು, ಹಳೆಯ ವಿಂಡೋಸ್ ಚಾಲೂ ಇರುವಾಗಲೇ ಟ್ಯಾಲಿಯ ಪರವಾನಗಿಯನ್ನು ಸರೆಂಡರ್ ಮಾಡಿ (ಹಳೆಯದರಿಂದ ಬಿಡಿಸಿ), ಹೊಸದರಲ್ಲಿ ಮತ್ತೆ ಸಕ್ರಿಯಗೊಳಿಸಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಸಹಿ ಟೋಕನ್ನಿನಲ್ಲೇ ಇರುತ್ತದೆ, ಅದರ ಡ್ರೈವರ್ ಮಾತ್ರ ಮತ್ತೆ ಹಾಕಬೇಕು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಡಿಸ್ಕ್ ನಿಜವಾಗಿಯೂ 100%ರಲ್ಲೇ ನಿಂತಿತ್ತು, ಆದ್ದರಿಂದ ಎಸ್‌ಎಸ್‌ಡಿ ಕೊಂಡು ಅದರಲ್ಲೇ ವಿಂಡೋಸ್ 11 ಹಾಕಿದೆವು. ವೈಫೈ ಸಿಗಲಿಲ್ಲ, ಟೆದರಿಂಗ್‌ನಿಂದ ಮುಂದುವರಿದೆವು. ಟ್ಯಾಲಿ ಮರುದಿನವೇ ತೆರೆದುಕೊಂಡಿತು. 2014ರ ಪ್ರಶ್ನೆಪತ್ರಿಕೆ ತೆರೆದಾಗ ಇಂಗ್ಲಿಷ್ ಅಕ್ಷರಗಳೇ ತುಂಬಿದ್ದವು. ಮೈಸೂರಿನವರ ಮಾತು ಓದಿರದಿದ್ದರೆ ನಾನೂ ಅದನ್ನು ಅಳಿಸಿಬಿಡುತ್ತಿದ್ದೆನೇನೋ. ಫಾಂಟ್ ಹಾಕಿದೊಡನೆ ಸರಿಹೋಯಿತು. ಇದುವರೆಗೆ ಮೂರು ವರ್ಷಗಳ ಪತ್ರಿಕೆಗಳನ್ನು ಯುನಿಕೋಡ್‌ಗೆ ಬದಲಿಸಿದ್ದೇನೆ. ಹಳೆಯ ಡಿಸ್ಕಿನ ಮೇಲೆ ದಿನಾಂಕ ಬರೆದು ಬೀರುವಿನಲ್ಲಿಟ್ಟಿದ್ದೇನೆ; ಉಳಿದ ಒಂಬತ್ತು ವರ್ಷಗಳದು ಮುಗಿಯುವವರೆಗೆ ಅದನ್ನು ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಹೇಳಿಯೂ ಇದ್ದೇನೆ.