ಹೊಸ ಅಪಾರ್ಟ್‌ಮೆಂಟ್‌ಗಳ ಗ್ರೌಂಡ್ ಫ್ಲೋರ್ ಯಾಕೆ ಹೀಗೆ?

ಎಂಟನೇ ಕ್ರಾಸ್: ಮಲ್ಲೇಶ್ವರದಲ್ಲಿ ಹಳೇ ಮನೆಗಳು ಒಂದೊಂದಾಗಿ ಬಿದ್ದು, ಆ ಜಾಗದಲ್ಲಿ ನಾಲ್ಕು ಮಹಡಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಅದಕ್ಕೆ ತಕರಾರಿಲ್ಲ, ಜನಕ್ಕೆ ಮನೆ ಬೇಕಲ್ವಾ. ಆದರೆ ರಸ್ತೆಯಲ್ಲಿ ನಡೆದರೆ ಕಾಣುವುದು ಎತ್ತರದ ಕಾಂಪೌಂಡು, ತಗಡಿನ ಗೇಟು, ಒಳಗೆ ಕಂಬಗಳ ನಡುವೆ ಕಾರು ಅಷ್ಟೇ. ಮುಂಚೆ ಜಗಲಿ ಮೇಲೆ ಯಾರಾದರೂ ಪೇಪರ್ ಓದುತ್ತಾ ಕೂತಿರುತ್ತಿದ್ದರು, ಹೂವಿನಮ್ಮ ಗೇಟಿನ ಹತ್ತಿರವೇ ನಿಂತು ಮೊಳ ಹಾಕಿ ಕೊಡುತ್ತಿದ್ದಳು. ಬಿಲ್ಡರ್‌ಗಳಿಗೆ ಅಭಿರುಚಿ ಇಲ್ಲವೋ, ನಿಯಮವೇ ಹೀಗೋ?

ನಕ್ಷೆಯವನು: ಅಭಿರುಚಿ ಅಲ್ಲ, ಲೆಕ್ಕ. ಪಾರ್ಕಿಂಗ್ ಕೊಡಲೇಬೇಕು ಅಂತ ಬೈಲಾ ಹೇಳುತ್ತದೆ, ಆದರೆ ಆ ಜಾಗ ಎಫ್‌ಎಆರ್‌ಗೆ, ಅಂದರೆ ಸೈಟಿನ ಅಳತೆಗೆ ತಕ್ಕಂತೆ ಒಟ್ಟು ಇಷ್ಟೇ ಚದರಡಿ ಕಟ್ಟಬಹುದು ಅನ್ನುವ ಮಿತಿಗೆ, ಸೇರುವುದಿಲ್ಲ. ಕೆಳಗೆ ಅಂಗಡಿಯೋ ಮನೆಯೋ ಮಾಡಿದರೆ ಅಷ್ಟು ಚದರಡಿ ಮೇಲಿನ ಫ್ಲ್ಯಾಟಿನಿಂದ ಕಳೆಯಬೇಕು, ಕಾರು ನಿಲ್ಲಿಸಿದರೆ ಏನೂ ಕಳೆಯಬೇಕಾಗಿಲ್ಲ. 40x60 ಸೈಟಿನಲ್ಲಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಟ್ಟ ಮೇಲೆ ಬೇಸ್‌ಮೆಂಟಿಗೆ ರ‍್ಯಾಂಪ್ ಇಳಿಸುವುದೂ ಕಷ್ಟ. 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟುಗಳು ಮುಳುಗಿದ್ದನ್ನು ನೋಡಿದವರಿಗೆ ಅದು ಬೇಡವೇ ಬೇಡ. ಸರಿ, ಸ್ಟಿಲ್ಟ್ (ಕಂಬಗಳ ಮೇಲೆ ಕಟ್ಟಡ, ಕೆಳಗೆ ಕಾರು) ಇರಲಿ. ನನಗೆ ಸಿಟ್ಟು ಬರುವುದು ಗೇಟಿನ ಇಳಿಜಾರಿಗೆ. ಅದು ಸೈಟಿನೊಳಗೇ ಮುಗಿಯಬೇಕು, ಇವರು ಫುಟ್‌ಪಾತಿನ ಮೇಲೆ ಚಾಚುತ್ತಾರೆ. ಪ್ರತಿ ಗೇಟಿನ ಮುಂದೂ ಹತ್ತಿ ಇಳಿಯಬೇಕು, ವಯಸ್ಸಾದವರು ಬೇಸತ್ತು ರಸ್ತೆಯಲ್ಲೇ ನಡೆಯುತ್ತಾರೆ.

ಮೊದಲನೇ ಮಹಡಿ: ನಾನಿರುವುದೂ ಇಂಥದ್ದರಲ್ಲೇ. ಜಗಲಿ ನೆನಪು ಚೆನ್ನಾಗಿದೆ ಸಾರ್, ಆದರೆ ಧೂಳು, ಹಾರ್ನು, ಸೊಳ್ಳೆ! ರಸ್ತೆಗೆ ಅಂಟಿದ ಕಿಟಕಿ ಯಾರಿಗೆ ಬೇಕು?

ಸಿಂಗಪುರದಿಂದ: ಕಂಬದ ಮೇಲೆ ಕಟ್ಟುವುದೇ ತಪ್ಪೇನಲ್ಲ. ಇಲ್ಲಿ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಫ್ಲ್ಯಾಟ್‌ಗಳ ಕೆಳಗೂ ಎಷ್ಟೋ ಕಡೆ ಖಾಲಿ ಜಾಗವೇ, ವಾಯ್ಡ್ ಡೆಕ್ ಅಂತಾರೆ. ಕಾರು ಅಲ್ಲಿಗೆ ಬರುವುದಿಲ್ಲ, ಸುತ್ತ ಕಾಂಪೌಂಡೂ ಇಲ್ಲ, ಯಾರು ಬೇಕಾದರೂ ಹಾದು ಹೋಗಬಹುದು. ಮಲಯ್ ಮದುವೆ ಊಟ, ಚೀನೀಯರ ಸಾವಿನ ಕಾರ್ಯ ಎರಡೂ ಅಲ್ಲೇ ಆಗುತ್ತವೆ. ಕಾರಿಗೆ ಬೇರೆ ಕಟ್ಟಡ. 30x40 ಸೈಟಿನವರು ಇದನ್ನು ಮಾಡೋಕಾಗಲ್ಲ, ಗೊತ್ತು. ಎಕರೆಗಟ್ಟಲೆ ಜಾಗದಲ್ಲಿ ಟವರ್ ಕಟ್ಟುವವರಿಗೆ ಏನು ನೆಪ?

ನಕ್ಷೆಯವನು: ಮೊದಲನೇ ಮಹಡಿಯವರೇ, ಕೆಳಗೆ ಮನೆ ಬೇಡ ಬಿಡಿ. ಗೇಟನ್ನು ಒಂದು ಮೂಲೆಗೆ ತಳ್ಳಿ, ಮಿಕ್ಕ ಗೋಡೆ ಸೊಂಟದೆತ್ತರಕ್ಕೆ ನಿಲ್ಲಿಸಿ, ಮೇಲೆ ಗ್ರಿಲ್ ಹಾಕಿ, ಹೊರಗೆ ಕೂರೋಕೆ ಒಂದು ಚಪ್ಪಡಿ ಕಲ್ಲು ಸಾಕು. ಒಂದು ಕಡೆ ಹಾಗೇ ಮಾಡಿಸಿದ್ದೆ. ‘ಯಾರ‍್ಯಾರೋ ಬಂದು ಕೂರ್ತಾರೆ’ ಅಂತ ಅಸೋಸಿಯೇಷನ್‌ನವರು ಕಲ್ಲು ಕಿತ್ತು ಹೂಕುಂಡ ಇಟ್ಟರು.

ಎಂಟನೇ ಕ್ರಾಸ್: ನಮ್ಮ ಎದುರು ಮನೆಯೂ ಸದ್ಯದಲ್ಲೇ ಕೆಡವುತ್ತಾರಂತೆ, ಓನರ್ ಪರಿಚಯದವರು. ಆ ಗೇಟು-ಗೋಡೆ ಐಡಿಯಾನ ಒಂದು ಸ್ಕೆಚ್ ಮಾಡಿ ಕಳಿಸ್ತೀರಾ? ನಕ್ಷೆ ಸ್ಯಾಂಕ್ಷನ್ ಆಗೋ ಮೊದಲೇ ಕೊಟ್ಟು ನೋಡುತ್ತೇನೆ.