ರಂಗದ ಮಾಸ್ಕಿಗೆ ಏನನ್ನೋಣ: ಮುಖವಾಡ, ಮೊಗ, ಮಾರಿ?

ಎಲ್ಲರಿಗೂ ಶರಣು.

ಇಲ್ಲಿ ಕಲಬುರಗಿಯಲ್ಲಿ ಕಾಲೇಜು ಹುಡುಗರಿಗಾಗಿ ಒಂದು ರಂಗ ಶಿಬಿರ ನಡೆದಿದೆ. ಬೇರೆ ಬೇರೆ ನಾಡಿನ ಮುಖವಾಡದ ಆಟಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುವ ಕೆಲಸ ನನಗೆ ಬಂದಿದೆ. ಪದದ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ.

'ಮಾಸ್ಕ್' ಅಂತ ಬರೆಯುವ ಹಾಗಿಲ್ಲ. 2020ರ ನಂತರ ಆ ಪದ ಕಿವಿಗೆ ಸಿಗಿಸುವ ಬಟ್ಟೆಯ ಪಾಲಾಗಿದೆ. 'ಮುಖವಾಡ' ಎಲ್ಲರಿಗೂ ಗೊತ್ತಿರುವ ಪದ, ಸರಿ. ಆದರೆ ಪೇಪರ್ ತೆಗೆದರೆ ಯಾರದೋ ಮುಖವಾಡ ಕಳಚಿರುತ್ತದೆ, ಇನ್ಯಾರದೋ ಮುಖವಾಡ ಬಯಲಾಗಿರುತ್ತದೆ. ಒಳಗೆ ಒಂದು, ಹೊರಗೆ ಒಂದು ಅನ್ನುವ ಬೈಗುಳ ಆ ಪದಕ್ಕೆ ಅಂಟಿಕೊಂಡಿದೆ. ಮಜಾ ಅಂದ್ರೆ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅಂಗಡಿಯವರು 'ಲಕ್ಷ್ಮಿ ಮುಖವಾಡ' ಅಂತ ಬೋರ್ಡ್ ಹಾಕಿ ಬೆಳ್ಳಿಯ ಮುಖ ಮಾರುತ್ತಾರೆ. ಅಲ್ಲಿ ಯಾರಿಗೂ ಬೈಗುಳ ನೆನಪಾಗುವುದಿಲ್ಲ. ಕಲಶಕ್ಕೆ ಆ ಮುಖ ಇಟ್ಟ ಮೇಲೇನೇ ದೇವಿ ಬಂದಳು ಅನ್ನಿಸುವುದು.

ಹೀಗೆ ಅರ್ಥ ಜಾರುವುದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಹಳೆಯ ಗ್ರೀಕರಲ್ಲಿ ನಟನಿಗೆ 'ಹಿಪೋಕ್ರಿಟೆಸ್' ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಕಪಟಿಗೆ ಹೇಳುವ ಪದ ಅಲ್ಲಿಂದಲೇ ಬಂದದ್ದು. ನಾವೂ ಏನು ಕಮ್ಮಿ? 'ನಾಟಕ ಮಾಡಬ್ಯಾಡ' ಅಂತ ದಿನಾ ಬೈತೀವಿ.

ಇನ್ನು ನಮ್ಮ ಭಾಗದ 'ಸೋಗು'. ಮೊಹರಂನಲ್ಲಿ ಹರಕೆ ಹೊತ್ತವರು ಹುಲಿ ಸೋಗು ಹಾಕುತ್ತಾರೆ. ಮೈಗೆಲ್ಲ ಬಣ್ಣ, ಹಲಗೆಯ ಬಡಿತಕ್ಕೆ ಹೆಜ್ಜೆ. ಹಗಲುವೇಷದವರದೂ ಸೋಗೇ. ಅದು ಇಡೀ ಮೈಯ ಮಾತು, ನಡಿಗೆಯೂ ಅದರಲ್ಲೇ ಬಂತು. ಮುಖಕ್ಕೆ ಕಟ್ಟುವ ಒಂದು ವಸ್ತುವಿಗೆ ಆ ಪದ ದೊಡ್ಡದಾಯಿತು. ಮೇಲಾಗಿ 'ಏನ್ ಸೋಗು ಮಾಡ್ಲಾಕತ್ತಿದಿ' ಅಂತ ಇಲ್ಲಿ ಅದಕ್ಕೂ ಬೈಗುಳದ ಪಟ್ಟ ಸಿಕ್ಕಿದೆ.

ಉಳಿದದ್ದು 'ಮಾರಿ'. ತೆಂಕಣದವರು ಗಾಬರಿಯಾಗಬೇಡಿ, ಇದು ಮಾರಮ್ಮ ಅಲ್ಲ. ಕಲಬುರಗಿ, ಯಾದಗಿರಿ ಕಡೆ ಮುಖಕ್ಕೆ ದಿನಬಳಕೆಯ ಪದವೇ ಮಾರಿ. 'ಮಾರಿ ತೊಳ್ಕೊಂಡು ಬಾ' ಅನ್ನುತ್ತೇವೆ. ಶರಣಬಸವೇಶ್ವರ ಜಾತ್ರೆಯಲ್ಲಿ ಮಕ್ಕಳು ಅಳುವುದೂ 'ಹುಲಿ ಮಾರಿ ಕೊಡಸು' ಅಂತಲೇ. ರಟ್ಟಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಅವರ ಪಾಲಿಗೆ ಅದು ಹುಲಿಯ ಮುಖ ಅಷ್ಟೇ. ಅದರ ಹಿಂದೆ ಏನೋ ಅಡಗಿದೆ ಅನ್ನುವ ಅನುಮಾನ ಆ ಪದದಲ್ಲಿಲ್ಲ.

ಮುಖವಾಡದ ಆಟ ಗಟ್ಟಿಯಾಗಿರುವ ಎಷ್ಟೋ ಕಡೆ ಮುಖವಾಡಕ್ಕೆ ಮುಖ ಅಂತಲೇ ಅನ್ನುವ ಇದೇ ರೂಢಿ ಕಾಣುತ್ತದೆ. ಗ್ರೀಕರ 'ಪ್ರೊಸೊಪೊನ್' ಮುಖವೂ ಹೌದು, ಮುಖವಾಡವೂ ಹೌದು. ತುಳುನಾಡಿನ ಭೂತಾರಾಧನೆಯಲ್ಲಿ ಪಂಜುರ್ಲಿಯ ಲೋಹದ ಹಂದಿ ಮುಖವಾಡಕ್ಕೆ 'ಮೊಗ' ಅನ್ನುತ್ತಾರೆ. ಜಪಾನಿನ ನೋ ನಾಟಕದವರು ತಮ್ಮ ಮರದ ಮುಖವಾಡವನ್ನು 'ಒಮೊಟೆ' ಅನ್ನುತ್ತಾರೆ. ಮೇಲ್ಮೈ, ಮುಖ ಎಂದು ಅದರ ಅರ್ಥ. ಹಳೆ ಮೈಸೂರು ಕಡೆಯ ಸೋಮನ ಕುಣಿತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುಖವಾಡವನ್ನೇ 'ಸೋಮ' ಅಂತ ಕರೆದುಬಿಟ್ಟಿದ್ದಾರೆ.

ನೋ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದ್ರೆ ನನ್ನ ಇನ್ನೊಂದು ತೊಡಕು ಕ್ರಿಯಾಪದದ್ದು. ಟೋಪಿ ಹಾಕಿಕೊಳ್ಳುವುದಕ್ಕೆ ಜಪಾನಿಯಲ್ಲಿ 'ಕಬುರು' ಅನ್ನುವ ಪದ ಇದೆ. ನೋ ನಟರು ಒಮೊಟೆಗೆ ಅದನ್ನು ಬಳಸುವುದಿಲ್ಲ, 'ಕಕೆರು' ಅನ್ನುತ್ತಾರೆ. ತಗುಲಿಸು, ತೂಗುಹಾಕು ಅನ್ನುವ ಅರ್ಥ ಅದಕ್ಕೆ. ರಂಗಕ್ಕೆ ಬರುವ ಮೊದಲು ಕನ್ನಡಿ ಕೋಣೆಯಲ್ಲಿ ಕೂತು, ಒಮೊಟೆಗೆ ತಲೆಬಾಗಿ, ಆಮೇಲೆ ಕಟ್ಟಿಸಿಕೊಳ್ಳುತ್ತಾರೆ. ಅದು ಮುಖಕ್ಕಿಂತ ತುಸು ಚಿಕ್ಕದು, ನಟನ ಗದ್ದ ಕೆಳಗೆ ಕಾಣುತ್ತಿರುತ್ತದೆ. ಅದನ್ನು ತುಸು ಮೇಲೆತ್ತಿದರೆ 'ತೆರಾಸು', ಅಂದರೆ ಬೆಳಗಿಸು. ತುಸು ಬಗ್ಗಿಸಿದರೆ 'ಕುಮೊರಾಸು', ಮೋಡ ಕವಿಸು. ಮರದ ತುಂಡು ಅದೇ, ನಗುವೂ ಅಳುವೂ ಅದರಲ್ಲೇ.

ಕನ್ನಡದಲ್ಲಿ ಇವಕ್ಕೆ ಏನು ಬರೆಯೋಣ? 'ಮುಖವಾಡ ಧರಿಸಿ' ಅಂದರೆ ಆಮಂತ್ರಣ ಪತ್ರಿಕೆ ಓದಿದ ಹಾಗಾಗುತ್ತದೆ. 'ಹಾಕಿಕೊಂಡು' ಅಂದರೆ ಬೈಗುಳ ಮತ್ತೆ ಇಣುಕುತ್ತದೆ. ನನಗೆ 'ಕಟ್ಟು' ಇಷ್ಟ. ಗೆಜ್ಜೆ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ಪಾತ್ರ ಕಟ್ಟುತ್ತೇವೆ. ಮೊಗವನ್ನೂ ಕಟ್ಟೋಣ. ಆದರೆ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ತೊಪೆಂಗ್ ಅನ್ನುವ ಮುಖವಾಡದ ಕುಣಿತವಿದೆ, ಅಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಎಷ್ಟೋ ಮುಖವಾಡಗಳ ಒಳಬದಿಗೆ ತೊಗಲಿನ ಪಟ್ಟಿ ಇರುತ್ತದೆ, ಕುಣಿಯುವವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ. ಬಾಯಿ ತೆರೆದರೆ ಮುಖ ನೆಲಕ್ಕೆ! ಹಾಗಾಗಿ ಮಾತು ಬಹುಮಟ್ಟಿಗೆ ದಲಾಂಗ್ ಎಂಬ ಕಥೆಗಾರನದು. ಅಲ್ಲಿ 'ಕಚ್ಚು' ಅಂತಲೇ ಬರೆಯುತ್ತೇನೆ.

ಮಾತಾಡಬೇಕಾದ ಪಾತ್ರಗಳಿಗೆ ಅರ್ಧ ಮುಖದ್ದು ಬೇಕಾಗುತ್ತದೆ. ಬಾಲಿಯ ಹಾಸ್ಯದ ಪಾತ್ರಗಳಿಗೆ ಅಂಥದ್ದಿದೆ. ಇಟಲಿಯ ಹಳೆಯ ಹಾಸ್ಯ ನಾಟಕ ಕೊಮೆದಿಯಾ ದೆಲ್ಲಾರ್ತೆಯಲ್ಲಿ ಆಳು ಅರ್ಲೆಕಿನೊ, ಜಿಪುಣ ಮುದುಕ ಪಂತಲೋನೆ ಕಟ್ಟುವುದೂ ತೊಗಲಿನ ಅರ್ಧ ಮುಖವಾಡವೇ. ಅಲ್ಲಿ ಪ್ರೇಮಿಗಳ ಪಾತ್ರಕ್ಕಾದರೆ ಬರಿ ಮುಖ. ಇದಕ್ಕೆ ನಾನು ಸದ್ಯ 'ಅರೆಮೊಗ' ಅಂತ ಇಟ್ಟಿದ್ದೇನೆ. 'ಅರೆಮಾರಿ' ನನಗೆ ಇನ್ನೂ ಹತ್ತಿರದ್ದು, ಆದರೆ ಮಂಗಳೂರಿನವರು ಓದಿದರೆ ಅರ್ಧ ದೇವತೆ ಅಂದುಕೊಂಡಾರು. 'ಅರ್ಧ ಮುಖವಾಡ'ವನ್ನು ಬಿಟ್ಟೆ. ಅದು ಅರ್ಧ ಸುಳ್ಳು ಹೇಳುವವನ ಹಾಗೆ ಕೇಳಿಸಿತು.

ಪೂರ್ವ ಭಾರತದ ಛೌ ಕುಣಿತದ ಭಾಗಕ್ಕೆ ಇಷ್ಟು ಕಷ್ಟ ಬರಲಿಲ್ಲ. ಪುರುಲಿಯಾ, ಸೆರೈಕೆಲಾದವರಿಗೆ ಮುಖವಾಡ ಉಂಟು, ಮಯೂರಭಂಜದವರಿಗೆ ಇಲ್ಲ, ಅಷ್ಟೇ. ಯಕ್ಷಗಾನದ ಬಣ್ಣದ ವೇಷವನ್ನು ಇದರೊಳಗೆ ತರಲೇ ಇಲ್ಲ. ಅಕ್ಕಿಹಿಟ್ಟಿನ ಚುಕ್ಕೆಗಳ ಚಿಟ್ಟಿ ಇಟ್ಟ ಮುಖ ಮುಖವಾಡವೋ ಅಲ್ಲವೋ ಅಂತ ಶುರು ಮಾಡಿದರೆ ಶಿಬಿರವೇ ಮುಗಿದುಹೋದೀತು.

ಕರಾವಳಿಯವರು ಹೇಳಿ, 'ಮೊಗ' ಅಂತ ಶಿಬಿರದ ಟಿಪ್ಪಣಿಯಲ್ಲಿ ಬಳಸಿದರೆ ನಿಮಗೆ ಸರಿ ಅನ್ನಿಸುತ್ತದೆಯೇ? ಅದು ದೈವದ ಪದ, ನಾಟಕಕ್ಕೆ ತರಬೇಡಿ ಅನ್ನುತ್ತೀರಾ? ಬೀದರ್, ಔರಾದ್, ಬಸವಕಲ್ಯಾಣದ ಕಡೆಯವರಿಗೂ ಒಂದು ಪ್ರಶ್ನೆ. ಮರಾಠಿಯ 'ಮುಖವಟಾ' ನಿಮ್ಮ ಕನ್ನಡದಲ್ಲಿ ದೇವರ ಮುಖಕ್ಕೆ ಮಾತ್ರ ನಡೆಯುತ್ತದೆಯೋ, ಆಟದ ಮುಖಕ್ಕೂ ನಡೆಯುತ್ತದೆಯೋ? ದೊಡ್ಡಾಟದ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ಅವರ ಬಾಯಲ್ಲಿ ಯಾವ ಕ್ರಿಯಾಪದ ಬರುತ್ತದೆ ಅಂತ ಸುಮ್ನೆ ಕೇಳಿ ನೋಡ್ರಿ. ಟಿಪ್ಪಣಿ ಇನ್ನೂ ಜೆರಾಕ್ಸಿಗೆ ಹೋಗಿಲ್ಲ.